ಗ್ರೀಸ್ ದ್ವೀಪಗಳಿಗೆ ಹೊರಡುವವರಿಗೆ: ಒಂದೇ ಹಡಗಿನ ದಾರಿ, ನಾಲ್ಕು ದ್ವೀಪ, ಹನ್ನೆರಡು ರಾತ್ರಿ

ಹತ್ತು ದಿನದ ರಜೆ, ಕೈಯಲ್ಲಿರುವ ಪಟ್ಟಿಯಲ್ಲಿ ಏಳು ದ್ವೀಪ. ಗ್ರೀಸ್‌ಗೆ ಹೊರಟ ಗೆಳೆಯರು ಸಲಹೆ ಕೇಳಿಕೊಂಡು ಬಂದಾಗ ನಾನು ಹೆಚ್ಚಾಗಿ ನೋಡುವುದು ಇಂಥ ಪಟ್ಟಿಯನ್ನೇ. ಸ್ಯಾಂಟೊರಿನಿ, ಮಿಕೊನೋಸ್, ಕ್ರೀಟ್, ರೋಡ್ಸ್, ಕಾರ್ಫು ಎಲ್ಲವೂ ಅದರಲ್ಲಿರುತ್ತವೆ. ಮೊಬೈಲಿನ ನಕ್ಷೆಯಲ್ಲಿ ಇವೆಲ್ಲ ಅಕ್ಕಪಕ್ಕದ ಓಣಿಗಳಂತೆ ಕಾಣುತ್ತವೆ. ಆದರೆ ಕಾರ್ಫು ಇರುವುದು ಪಶ್ಚಿಮದ ಅಯೋನಿಯನ್ ಸಮುದ್ರದಲ್ಲಿ. ರೋಡ್ಸ್ ಇರುವುದು ಪೂರ್ವದ ತುದಿಯಲ್ಲಿ, ಟರ್ಕಿಯ ಮಗ್ಗುಲಿಗೆ. ಒಂದರಿಂದ ಇನ್ನೊಂದಕ್ಕೆ ನೇರ ಹಡಗು ಇಲ್ಲ. ಗ್ರೀಸ್‌ಗೆ ಸೇರಿದ ದ್ವೀಪ, ನಡುಗಡ್ಡೆಗಳೆಲ್ಲ ಸೇರಿ ಸುಮಾರು 6000. ಜನ ವಾಸಿಸುವಂಥವು 227. ಹೀಗಿರುವಾಗ ಆಯ್ಕೆಯೇ ಈ ಪ್ರವಾಸದ ದೊಡ್ಡ ಕೆಲಸ.

ಮೂರು ಸಲ ಹೋಗಿ ಬಂದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ: ದ್ವೀಪಗಳನ್ನು ಆರಿಸಬೇಡಿ, ಹಡಗಿನ ದಾರಿಯನ್ನು ಆರಿಸಿ. ಆ ದಾರಿಯಲ್ಲಿ ಬರುವ ಮೂರೋ ನಾಲ್ಕೋ ದ್ವೀಪಗಳಲ್ಲಿ ಇಳಿಯಿರಿ. ಗದ್ದಲದ ಪಟ್ಟಣವೂ ನಿರ್ಜನ ಕಡಲತೀರವೂ ಒಂದೇ ದಾರಿಯಲ್ಲಿ ಸಿಗುತ್ತವೆ.

1. ದಾರಿಯನ್ನು ಗೊತ್ತುಮಾಡಿಕೊಳ್ಳುವುದು

ತುಮಕೂರು, ತಿಪಟೂರು, ಅರಸೀಕೆರೆ ಎಂದು ನಿಲ್ಲುತ್ತಾ ಶಿವಮೊಗ್ಗಕ್ಕೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಹೊರಡುವ ಹಡಗುಗಳೂ ಹಾಗೆಯೇ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ದಾರಿ ಪಿರೇಯಸ್, ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ. ಈ ದಾರಿಯ ಮೂರೂ ದ್ವೀಪಗಳು ಸೈಕ್ಲೇಡ್ಸ್ ಎಂಬ ಗುಂಪಿಗೆ ಸೇರಿದವು. ಬಿಳಿ ಗೋಡೆ, ನೀಲಿ ಬಾಗಿಲು, ಕಿರಿದಾದ ಓಣಿ ಎಂದು ಚಿತ್ರಗಳಲ್ಲಿ ನಾವು ನೋಡುವ ಗ್ರೀಸ್ ಇದೇ. ಮೊದಲ ಸಲ ಹೋಗುವವರಿಗೆ ನಾನು ಹೇಳುವ ಲೆಕ್ಕ ಹೀಗಿದೆ: ಅಥೆನ್ಸ್‌ನಲ್ಲಿ 1 ರಾತ್ರಿ, ಪಾರೋಸ್‌ನಲ್ಲಿ 2, ನಾಕ್ಸೋಸ್‌ನಲ್ಲಿ 4, ಪಕ್ಕದ ಪುಟ್ಟ ದ್ವೀಪ ಕೂಫೊನಿಸಿಯಲ್ಲಿ 2, ಸ್ಯಾಂಟೊರಿನಿಯಲ್ಲಿ 2, ಮತ್ತೆ ಅಥೆನ್ಸ್‌ನಲ್ಲಿ 1. ಒಟ್ಟು 12 ರಾತ್ರಿ. ರಜೆ ಕಡಿಮೆ ಇದ್ದರೆ ಪಾರೋಸನ್ನು ಬಿಡಿ. ನಾಕ್ಸೋಸ್‌ನ ರಾತ್ರಿಗಳಿಗೆ ಮಾತ್ರ ಕೈ ಹಾಕಬೇಡಿ.

ಬೇರೆ ದಾರಿಗಳೂ ಇವೆ. ಸಿಫ್ನೋಸ್, ಮಿಲೋಸ್, ಫೊಲೆಗಾಂಡ್ರೋಸ್ ಪಶ್ಚಿಮದ ಸಾಲಿನಲ್ಲಿವೆ, ಎರಡನೆಯ ಪ್ರವಾಸಕ್ಕೆ ಬಲು ಚೆನ್ನ. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಹಡಗು ಹತ್ತಿ ಇಳಿಯುವ ಗೊಡವೆಯೇ ಬೇಡವೆಂದು ಕ್ರೀಟ್ ಒಂದರಲ್ಲೇ ಹತ್ತು ದಿನ ಕಳೆಯಬಹುದು. ಅದು ಅಷ್ಟು ದೊಡ್ಡದು. ಮಿಕೊನೋಸ್‌ಗೆ ಹೋಗುವುದಾದರೆ ಅಲ್ಲಿನ ರಾತ್ರಿಯ ಗದ್ದಲಕ್ಕಿಂತ ಹೆಚ್ಚಾಗಿ ಎದುರಿಗಿರುವ ಡೆಲೋಸ್‌ಗಾಗಿ ಹೋಗಿ. ಅಪೊಲೊ ದೇವರು ಹುಟ್ಟಿದ ಜಾಗವೆಂದು ಪ್ರಾಚೀನ ಗ್ರೀಕರು ನಂಬಿದ್ದ ಆ ದ್ವೀಪ ಇಂದು ಇಡಿಯಾಗಿ ಪುರಾತತ್ವ ತಾಣ. ಪ್ರವಾಸಿಗರು ಅಲ್ಲಿ ರಾತ್ರಿ ಉಳಿಯುವಂತಿಲ್ಲ. ದೋಣಿಯಲ್ಲಿ ಅರ್ಧ ಗಂಟೆಯ ಹಾದಿ.

2. ತಿಂಗಳನ್ನು ಆರಿಸುವುದು

ಮೇ ಕೊನೆಯ ವಾರದಿಂದ ಜೂನ್ ಮುಗಿಯುವವರೆಗೆ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರದವರೆಗೆ. ನನ್ನ ಮನಸ್ಸು ಸೆಪ್ಟೆಂಬರ್ ಕಡೆಗೇ ವಾಲುತ್ತದೆ. ಬೇಸಿಗೆಯುದ್ದಕ್ಕೂ ಕಾದ ಸಮುದ್ರ ಆಗ ಬೆಚ್ಚಗಿರುತ್ತದೆ, ಯುರೋಪಿನ ಶಾಲೆಗಳು ತೆರೆದು ಜನಜಂಗುಳಿ ಕರಗಿರುತ್ತದೆ. ಮೇ ತಿಂಗಳಲ್ಲಿ ಗುಡ್ಡಗಳ ಮೇಲೆ ಹೂವುಗಳಿರುತ್ತವೆ, ಆದರೆ ನೀರು ಇನ್ನೂ ಕೊರೆಯುತ್ತಿರುತ್ತದೆ.

ಜುಲೈ, ಆಗಸ್ಟ್ ತಿಂಗಳು ಬೇಡ ಎನ್ನುವುದಕ್ಕೆ ಬೆಲೆಗಿಂತ ದೊಡ್ಡ ಕಾರಣ ಗಾಳಿ. ಉತ್ತರದಿಂದ ಬೀಸುವ ಈ ಗಾಳಿಗೆ ಅಲ್ಲಿಯವರು ಮೆಲ್ತೆಮಿ ಎನ್ನುತ್ತಾರೆ. ಆಕಾಶ ಶುಭ್ರವಾಗಿಯೇ ಇರುತ್ತದೆ, ಆದರೆ ಸಮುದ್ರ ನೊರೆಗಟ್ಟಿ ಕುದಿಯುತ್ತಿರುತ್ತದೆ. ಒಮ್ಮೆ ಹಿಡಿದರೆ ನಾಲ್ಕೈದು ದಿನ ಬಿಡದೆ ಬೀಸುವುದುಂಟು. ಅದರ ಜೊತೆಗೆ ಆಗಸ್ಟ್ 15 ಮೇರಿ ಮಾತೆಯ ಹಬ್ಬ. ಗ್ರೀಕರೇ ತಮ್ಮ ತಮ್ಮ ಊರಿನ ದ್ವೀಪಗಳಿಗೆ ಮರಳುವ ಸಮಯ ಅದು. ಹಡಗಿನಲ್ಲಿ ಜಾಗವಿರುವುದಿಲ್ಲ, ಊರಿನಲ್ಲಿ ಕೋಣೆ ಇರುವುದಿಲ್ಲ. ಆ ದಿನ ಟೀನೋಸ್ ದ್ವೀಪದಲ್ಲಿ ಹರಕೆ ಹೊತ್ತವರು ಬಂದರಿನಿಂದ ಗುಡ್ಡದ ಮೇಲಿನ ಚರ್ಚ್‌ವರೆಗೆ ಮೊಣಕಾಲಿನಲ್ಲಿ ತೆವಳಿಕೊಂಡು ಹೋಗುತ್ತಾರೆ. ಉರುಳು ಸೇವೆ ಕಂಡವರಿಗೆ ಆ ನೋಟ ಪರಕೀಯ ಅನ್ನಿಸದು.

3. ವೀಸಾ

ಭಾರತೀಯರಿಗೆ ಬೇಕಿರುವುದು ಷೆಂಗೆನ್ ವೀಸಾ, ಅಂದರೆ ಗ್ರೀಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ನಾನು ಎರಡು ತಿಂಗಳಿಗಿಂತ ಕಡಿಮೆ ಸಮಯ ಇಟ್ಟುಕೊಳ್ಳುವುದಿಲ್ಲ, ಏಕೆಂದರೆ ಬೇಸಿಗೆಗೆ ಮುನ್ನ ಬೆರಳಚ್ಚು ಕೊಡುವ ದಿನಾಂಕ ಸಿಗುವುದೇ ತಡವಾಗುತ್ತದೆ. ಶುಲ್ಕ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ನೀಡಿದ್ದಾಗಿರಬೇಕು, ಹಿಂದಿರುಗುವ ದಿನದಿಂದ ಮೂರು ತಿಂಗಳಾದರೂ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು.

ಅರ್ಜಿಯ ಜೊತೆ ದಿನವಾರು ಪ್ರಯಾಣಪಟ್ಟಿ ಕೊಡುವಾಗ ಯಾವ ರಾತ್ರಿ ಯಾವ ದ್ವೀಪ ಎಂಬುದು ಕೋಣೆಯ ಬುಕಿಂಗ್‌ಗೆ ಸರಿಯಾಗಿ ಹೊಂದಬೇಕು. ಒಂದು ರಾತ್ರಿ ಎಲ್ಲಿ ಕಳೆಯುತ್ತೀರಿ ಎಂಬುದು ಪಟ್ಟಿಯಲ್ಲಿ ಇಲ್ಲವಾದರೂ ಪ್ರಶ್ನೆ ಬರುತ್ತದೆ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಕೋಣೆಗಳನ್ನೇ ಕಾಯ್ದಿರಿಸಿ. ಬಾಡಿಗೆ ವಾಹನ ಓಡಿಸುವ ಯೋಚನೆ ಇದ್ದರೆ ಇದೇ ಸಮಯದಲ್ಲಿ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ.

4. ಪಿರೇಯಸ್ ಬಂದರು ಮತ್ತು ಹಡಗು

ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ನೀಲಿ ಮಾರ್ಗದ ಮೆಟ್ರೊ ನೇರವಾಗಿ ಹೋಗುತ್ತದೆ. ಸುಮಾರು ಒಂದು ಗಂಟೆ. ರಾತ್ರಿ ಮೆಟ್ರೊ ಇಲ್ಲದ ಹೊತ್ತಿನಲ್ಲಿ ಎಕ್ಸ್96 ಬಸ್ಸು ದಿನದ 24 ಗಂಟೆಯೂ ಇರುತ್ತದೆ. ವಿಮಾನ ಇಳಿದ ದಿನವೇ ಹಡಗು ಹತ್ತುವ ಸಾಹಸ ಬೇಡ. ಕೊಲ್ಲಿ ರಾಷ್ಟ್ರಗಳ ಮೂಲಕ ಬರುವ ವಿಮಾನ ಎರಡು ಗಂಟೆ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ.

ಪಿರೇಯಸ್ ಬಂದರು ಅರ್ಧ ಊರಿನಷ್ಟಿದೆ. ಇ1ರಿಂದ ಇ12ರವರೆಗೆ ಗೇಟುಗಳಿವೆ. ನಮ್ಮ ದಾರಿಯ ಹಡಗುಗಳು ಸಾಮಾನ್ಯವಾಗಿ ಇ6 ಅಥವಾ ಇ7ರಿಂದ ಹೊರಡುತ್ತವೆ, ಅವು ಮೆಟ್ರೊ ನಿಲ್ದಾಣದ ಎದುರಿಗೇ ಇವೆ. ಇ1 ಎಂದಿದ್ದರೆ ಮಾತ್ರ ಎಚ್ಚರ, ಅದು ಬಂದರಿನ ಆ ತುದಿ. ನಡೆದು ಹೋಗುತ್ತೇನೆ ಎಂದುಕೊಂಡರೆ ಬೆವರಿ ಹೋಗುತ್ತೀರಿ. ಹಿಂದಿನ ದಿನ ಟಿಕೆಟ್‌ನಲ್ಲಿರುವ ಗೇಟ್ ಸಂಖ್ಯೆಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಹಡಗುಗಳಲ್ಲಿ ಎರಡು ಬಗೆ. ಬ್ಲೂ ಸ್ಟಾರ್ ಕಂಪನಿಯವುಗಳಂಥ ದೊಡ್ಡ ಹಡಗುಗಳು ನಿಧಾನ: ಪಾರೋಸ್‌ಗೆ ನಾಲ್ಕು ಗಂಟೆಗೂ ತುಸು ಹೆಚ್ಚು, ನಾಕ್ಸೋಸ್‌ಗೆ ಐದರಿಂದ ಐದೂವರೆ, ಸ್ಯಾಂಟೊರಿನಿಗೆ ಏಳೂವರೆಯಿಂದ ಎಂಟು. ವೇಗದ ಹಡಗುಗಳು ಸಮಯ ಉಳಿಸುತ್ತವೆ, ದುಡ್ಡು ಹೆಚ್ಚು ಕೇಳುತ್ತವೆ, ಅಲೆ ಎದ್ದರೆ ಹೊಟ್ಟೆ ತೊಳೆಸುತ್ತವೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಕಿಟಕಿಗಾಜಿನ ಹಿಂದೆ ಕುಳಿತೇ ಇರಬೇಕು. ದೊಡ್ಡ ಹಡಗಿನ ಮೇಲಂತಸ್ತಿನಲ್ಲಿ ಬಯಲ ಗಾಳಿಗೆ ನಿಂತು, ದ್ವೀಪವೊಂದು ಬೂದು ಗೆರೆಯಾಗಿ ಕಂಡು, ಗುಡ್ಡವಾಗಿ, ಆಮೇಲೆ ಬಿಳಿ ಮನೆಗಳ ಊರಾಗಿ ಹತ್ತಿರ ಬರುವುದನ್ನು ನೋಡುವುದಿದೆಯಲ್ಲ, ಅದಕ್ಕಾಗಿ ಮೂರು ಗಂಟೆ ಹೆಚ್ಚು ಕೊಡಲು ನಾನು ಯಾವತ್ತೂ ಸಿದ್ಧ. ಅತಿ ಕಡಿಮೆ ದರದ ಡೆಕ್ ಟಿಕೆಟ್ ಸಾಕು.

ಇಳಿಯುವ ಕ್ರಮವನ್ನು ಮೊದಲೇ ತಿಳಿದುಕೊಂಡಿರಿ. ನಿಮ್ಮ ದ್ವೀಪದ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದ ಕೂಡಲೇ ಕೆಳಗೆ, ವಾಹನಗಳು ನಿಂತಿರುವ ಅಂತಸ್ತಿಗೆ ಹೋಗಬೇಕು. ಅಲ್ಲಿ ಕಬ್ಬಿಣದ ಅಟ್ಟಣಿಗೆಗಳ ಮೇಲೆ ದ್ವೀಪಗಳ ಹೆಸರು ಬರೆದಿರುತ್ತದೆ. ಹತ್ತುವಾಗ ಪೆಟ್ಟಿಗೆಯನ್ನು ಸರಿಯಾದ ಹೆಸರಿನ ಕೆಳಗೇ ಇಟ್ಟಿರಬೇಕು. ಡೀಸೆಲ್ ವಾಸನೆ, ಲಾರಿಗಳ ಗುಡುಗು, ಕತ್ತಲು. ಹಡಗು ನಿಂತಲ್ಲೇ ತಿರುಗಿ ಬೆನ್ನು ಹಾಕಿಕೊಂಡು ದಡದತ್ತ ಸರಿಯುತ್ತದೆ. ಸರಪಳಿಗಳು ಕಿರುಗುಟ್ಟುತ್ತಾ ಹಿಂಬಾಗಿಲು ಕೆಳಗಿಳಿಯುವಾಗ ಆ ಕತ್ತಲೆಯೊಳಕ್ಕೆ ಬಿಸಿಲು ಒಂದೇ ಏಟಿಗೆ ನುಗ್ಗುತ್ತದೆ. ಶಿಳ್ಳೆ ಕೇಳಿಸಿತೆಂದರೆ ಕಾರು, ಬೈಕು, ಅಜ್ಜಿಯರು, ಬೆನ್ನುಚೀಲದ ಹುಡುಗರು ಎಲ್ಲರೂ ಒಟ್ಟಿಗೇ ಇಳಿಯುತ್ತಾರೆ. ಕೆಲವೇ ನಿಮಿಷ, ಆಗಲೇ ಹಡಗು ಮುಂದಿನ ದ್ವೀಪಕ್ಕೆ ಹೊರಟಿರುತ್ತದೆ.

5. ಪಾರೋಸ್: ಪಟ್ಟಣದ ಸಂಜೆಗಳು

ಹಡಗು ನಿಲ್ಲುವುದು ಪಾರಿಕಿಯಾದಲ್ಲಿ. ಅಲ್ಲಿನ ಎಕತೊಂದಪಿಲಿಯಾನಿ, ಅಂದರೆ ‘ನೂರು ಬಾಗಿಲುಗಳ’ ಚರ್ಚ್, ಬೈಜಾಂಟಿಯನ್ ಕಾಲದ ಮೊದಲ ಶತಮಾನಗಳಿಂದ ಇದೆ. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕಲ್ಲಿನ ತಂಪು ಮೈಗೆ ತಾಗುತ್ತದೆ. ಸಂಜೆಗೆ ಬಸ್ಸು ಹಿಡಿದು ನಾವುಸಾಕ್ಕೆ ಹೋಗಿ. ಮೀನುದೋಣಿಗಳ ಪುಟ್ಟ ಬಂದರಿನ ಸುತ್ತ ಮೇಜು ಕುರ್ಚಿಗಳು, ಹಿಂದೆ ಓಣಿಗಳು, ಅಂಗಡಿಗಳು, ನಡುರಾತ್ರಿಯವರೆಗೂ ಜನ. ಲವಲವಿಕೆಯ ಪಟ್ಟಣ ಬೇಕೆನ್ನುವವರಿಗೆ ಮಿಕೊನೋಸ್‌ನ ಬದಲಿಗೆ ನಾನು ತೋರಿಸುವುದು ಇದನ್ನೇ.

ಹಗಲಿಗೆ ಲೆಫ್ಕೆಸ್ ಎಂಬ ಬೆಟ್ಟದ ಹಳ್ಳಿಯಿಂದ ಪ್ರೊದ್ರೊಮೋಸ್‌ವರೆಗೆ ಹಳೆಯ ಕಲ್ಲುಹಾಸಿನ ದಾರಿ ಇಳಿಯುತ್ತದೆ, ಒಂದು ಗಂಟೆಯ ನಡಿಗೆ. ಎರಡು ರಾತ್ರಿಗೆ ಪಾರೋಸ್‌ನಲ್ಲಿ ಇಷ್ಟು ಸಾಕು.

6. ನಾಕ್ಸೋಸ್: ನಿಂತು ನೋಡಬೇಕಾದ ದ್ವೀಪ

ಬಂದರಿಗೆ ಬರುವಾಗಲೇ ಎಡಕ್ಕೆ ದಿಬ್ಬದ ಮೇಲೆ ಒಂಟಿ ಅಮೃತಶಿಲೆಯ ಬಾಗಿಲು ಕಾಣುತ್ತದೆ. ಕ್ರಿ.ಪೂ. 6ನೆಯ ಶತಮಾನದಲ್ಲಿ ಅಪೊಲೊ ದೇವಾಲಯವೊಂದನ್ನು ಕಟ್ಟಲು ತೊಡಗಿ, ಮುಗಿಸದೆ ಬಿಟ್ಟರು. ಉಳಿದದ್ದು ಈ ಬಾಗಿಲುವಾಡ, ಪೋರ್ತಾರಾ. ಸುಮಾರು ಆರು ಮೀಟರ್ ಎತ್ತರದ ಆ ಚೌಕಟ್ಟಿನ ಮೂಲಕ ಸೂರ್ಯ ಮುಳುಗುವುದನ್ನು ನೋಡಲು ಟಿಕೆಟ್ಟಿಲ್ಲ.

ನಾಕ್ಸೋಸ್ ಸೈಕ್ಲೇಡ್ಸ್‌ನಲ್ಲೇ ದೊಡ್ಡ ದ್ವೀಪ. ಇಲ್ಲಿ ಪ್ರವಾಸೋದ್ಯಮದ ಆಚೆಗೂ ಬದುಕಿದೆ: ಆಲೂಗೆಡ್ಡೆ ಹೊಲಗಳು, ಆಲಿವ್ ತೋಟಗಳು, ಹಸುಗಳು, ಗ್ರಾವಿಯೆರಾ ಎಂಬ ಗಟ್ಟಿ ಚೀಸ್. ಆದ್ದರಿಂದಲೇ ಊಟ ಚೆನ್ನಾಗಿರುತ್ತದೆ, ಬೆಲೆ ಸ್ಯಾಂಟೊರಿನಿಗಿಂತ ಎಷ್ಟೋ ಕಡಿಮೆ. ಮುಖ್ಯ ಊರಿನಲ್ಲೇ ಕೋಣೆ ಹಿಡಿಯಿರಿ. ಕಡಲತೀರಗಳಿಗೆ ಬಸ್ಸುಗಳಿವೆ: ಆಯಿಯೋಸ್ ಪ್ರೊಕೊಪಿಯೋಸ್, ಆಯಿಯಾ ಆನ್ನಾ, ಪ್ಲಾಕಾ. ಮೊದಲನೆಯದರಲ್ಲಿ ಕುಟುಂಬಗಳ ಗದ್ದಲ. ದಕ್ಷಿಣಕ್ಕೆ ಹೋದಂತೆ ಜನ ತೆಳುವಾಗುತ್ತಾರೆ, ಪ್ಲಾಕಾದ ಕೊನೆಗೆ ಮರಳು ಮತ್ತು ಅಲೆಯ ಸದ್ದಷ್ಟೇ ಉಳಿಯುತ್ತದೆ. ಗ್ರೀಸ್‌ನಲ್ಲಿ ಕಡಲತೀರ ಸಾರ್ವಜನಿಕ ಆಸ್ತಿ. ಬಾಡಿಗೆ ಕುರ್ಚಿಗಳ ಆಚೆ ಖಾಲಿ ಜಾಗದಲ್ಲಿ ಟವೆಲ್ ಹಾಸಿ ಕೂರಲು ಯಾರ ಅಪ್ಪಣೆಯೂ ಬೇಡ.

ಒಂದು ದಿನ ಒಳನಾಡಿಗೆ ಮೀಸಲಿಡಿ. ಹಾಲ್ಕಿಯಲ್ಲಿ ಕಿತ್ರೋ ಎಂಬ ಮದ್ಯವನ್ನು ಭಟ್ಟಿ ಇಳಿಸುವ ಹಳೆಯ ಮನೆಯಿದೆ. ಕಿತ್ರೋ ಎಂದರೆ ನಮ್ಮ ಮಾದಲದ ಜಾತಿಯದೇ ಗಿಡ, ಮದ್ಯವನ್ನು ಅದರ ಹಣ್ಣಿನಿಂದಲ್ಲ, ಎಲೆಯಿಂದ ತಯಾರಿಸುತ್ತಾರೆ. ಕುಡಿಯದವರೂ ಹೋಗಿ, ಆ ಎಲೆಯ ಪರಿಮಳಕ್ಕಾಗಿ. ಮುಂದೆ ಅಪೀರಾಂಥೋಸ್, ಓಣಿಗಳಿಗೆಲ್ಲ ಅಮೃತಶಿಲೆ ಹಾಸಿದ ಹಳ್ಳಿ. ನಡುವೆ ಫಿಲೋತಿ, ಅಲ್ಲಿಂದ ಸೈಕ್ಲೇಡ್ಸ್‌ನ ಅತಿ ಎತ್ತರದ ಬೆಟ್ಟ ಝಾಸ್ (1004 ಮೀಟರ್) ಏರಬಹುದು. ಬೆಳಗ್ಗೆ ಬೇಗ ಹೊರಡಿ, ದಾರಿಯಲ್ಲಿ ನೆರಳಿಲ್ಲ.

ಬಸ್ಸಿಗೆ ಕಾಯಲಾಗದವರು ಕಾರು ಬಾಡಿಗೆಗೆ ಹಿಡಿಯುತ್ತಾರೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ನೇರ ರಸ್ತೆಯಲ್ಲಿ ಕಷ್ಟವಿಲ್ಲ; ತಿರುವು ತೆಗೆದುಕೊಂಡ ಕೂಡಲೇ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ನಾಲ್ಕು ಚಕ್ರದ ಬೈಕುಗಳನ್ನು ಎಲ್ಲೆಡೆ ಬಾಡಿಗೆಗೆ ಕೊಡುತ್ತಾರೆ. ಬೆಟ್ಟದ ತಿರುವುಗಳಲ್ಲಿ ಅವು ಮಗುಚುವುದು ಸುಲಭ, ನಾನಂತೂ ಯಾರಿಗೂ ಶಿಫಾರಸು ಮಾಡುವುದಿಲ್ಲ.

7. ಕೂಫೊನಿಸಿ: ಮಾತೇ ಬೇಡದ ತೀರ

ನಾಕ್ಸೋಸ್‌ನಿಂದ ಚಿಕ್ಕ ದ್ವೀಪಗಳನ್ನೆಲ್ಲ ಮುಟ್ಟುತ್ತಾ ಅಮೊರ್ಗೋಸ್‌ವರೆಗೆ ಹೋಗುವ ಎಕ್ಸ್‌ಪ್ರೆಸ್ ಸ್ಕೊಪೆಲಿತಿಸ್ ಎಂಬ ಪುಟ್ಟ ಹಡಗಿದೆ. ದಶಕಗಳಿಂದ ಆ ದ್ವೀಪಗಳ ಜನರಿಗೆ ಅದೇ ಬಸ್ಸು, ಅದೇ ಸಾಮಾನು ಲಾರಿ. ಗಾಳಿಯಿದ್ದ ದಿನ ಚೆನ್ನಾಗಿ ತೂಗಾಡುತ್ತದೆ, ಹೊಟ್ಟೆ ಹಗುರವಾಗಿರಲಿ.

ಕೂಫೊನಿಸಿಯಲ್ಲಿ ವಾಹನ ಬೇಕಿಲ್ಲ. ಊರಿನಿಂದ ಪೂರ್ವಕ್ಕೆ ಕಡಲಂಚಿನ ಕಾಲುದಾರಿ ಹಿಡಿದರೆ ಫಿನಿಕಾಸ್, ಫಾನೋಸ್, ಇತಾಲಿದಾ ಎಂದು ಒಂದಾದ ಮೇಲೊಂದು ತೀರ ಬರುತ್ತವೆ, ಕೊನೆಗೆ ಅರ್ಧಚಂದ್ರದಂತಿರುವ ಪೋರಿ. ನೀರು ಎಷ್ಟು ತಿಳಿಯೆಂದರೆ ಎದೆಮಟ್ಟದಲ್ಲಿ ನಿಂತಾಗಲೂ ಕಾಲಿನ ಬೆರಳುಗಳ ನಡುವಿನ ಮರಳು ಕಾಣುತ್ತದೆ. ಟೋಪಿ, ಎರಡು ಲೀಟರ್ ನೀರು, ಒಂದಿಷ್ಟು ಹಣ್ಣು ಹಿಡಿದು ಹೊರಡಿ. ನೆರಳಿನ ಮರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಗದು ಸ್ವಲ್ಪ ಹೆಚ್ಚಿಗೆ ಇರಲಿ. ಬೇಸಿಗೆಯಲ್ಲಿ ಇಲ್ಲಿಂದ ಸ್ಯಾಂಟೊರಿನಿಗೆ ವೇಗದ ಹಡಗು ಸಿಗುತ್ತದೆ. ಸಿಗದ ದಿನ ನಾಕ್ಸೋಸ್‌ಗೆ ಮರಳಿ ದೊಡ್ಡ ಹಡಗು ಹಿಡಿಯಬೇಕು.

8. ಸ್ಯಾಂಟೊರಿನಿಯನ್ನು ನೋಡುವ ರೀತಿ

ಇಷ್ಟು ದಿನದ ನಂತರ ಸ್ಯಾಂಟೊರಿನಿಗೆ ಬಂದರೆ ಅದರ ಜಂಗುಳಿ ಕಾಡುವುದಿಲ್ಲ, ಅದರ ಭವ್ಯತೆ ಮಾತ್ರ ತಟ್ಟುತ್ತದೆ. ಅದಕ್ಕೇ ನಾನು ಇದನ್ನು ಕೊನೆಗೆ ಇಡುತ್ತೇನೆ. ಕ್ರಿ.ಪೂ. 1600ರ ಆಸುಪಾಸಿನಲ್ಲಿ ಜ್ವಾಲಾಮುಖಿ ಸಿಡಿದಾಗ ದ್ವೀಪದ ನಡುಭಾಗ ಕುಸಿಯಿತು, ಆ ಬಟ್ಟಲಿಗೆ ಸಮುದ್ರ ನುಗ್ಗಿತು. ಹಡಗು ಸಾಗುವುದು ಆ ಬಟ್ಟಲಿನೊಳಗೇ. ಮೇಲೆ ಕೆಂಪು, ಕಪ್ಪು, ಬೂದು ಪದರಗಳ ಗೋಡೆ. ಅದರ ಅಂಚಿನಲ್ಲಿ ಮಂಜಿನಂತೆ ಊರುಗಳು.

ಆ ಸ್ಫೋಟದ ಬೂದಿಯಲ್ಲಿ ಹೂತುಹೋದ ಅಕ್ರೊತಿರಿ ಪಟ್ಟಣವನ್ನು ಬಿಡಬೇಡಿ. 1967ರಲ್ಲಿ ಗ್ರೀಕ್ ಪುರಾತತ್ವಜ್ಞ ಸ್ಪಿರಿಡಾನ್ ಮಾರಿನಾತೋಸ್ ಅಲ್ಲಿ ಉತ್ಖನನ ಆರಂಭಿಸಿದರು. ಎರಡಂತಸ್ತಿನ ಮನೆಗಳು, ಚರಂಡಿ, ಸಾಲಾಗಿ ನಿಂತ ಮಣ್ಣಿನ ಹರವಿಗಳು ಇದ್ದಲ್ಲೇ ಇವೆ.

ಅಂಚಿನ ಮೇಲಿನ ಪ್ರಸಿದ್ಧ ಊರು ಓಯಾದಲ್ಲಿ ಕೋಣೆಯ ಬೆಲೆ ಕೈ ಸುಡುತ್ತದೆ. ಪೀರ್ಗೋಸ್ ಅಥವಾ ಮೆಗಾಲೊಹೋರಿಯಲ್ಲಿ ಉಳಿದು, ಬೆಳಗ್ಗೆ ಏಳಕ್ಕೆಲ್ಲ ಮುಖ್ಯ ಪಟ್ಟಣ ಫೀರಾದಿಂದ ಓಯಾವರೆಗಿನ ಅಂಚಿನ ದಾರಿ ಹಿಡಿಯಿರಿ. ಸುಮಾರು 10 ಕಿಲೋಮೀಟರ್, ಮೂರರಿಂದ ನಾಲ್ಕು ಗಂಟೆ. ವಿಹಾರ ನೌಕೆಗಳ ಜನ ಮೇಲೆ ಬರುವಷ್ಟರಲ್ಲಿ ನಿಮ್ಮ ನಡಿಗೆ ಮುಗಿಯುತ್ತ ಬಂದಿರುತ್ತದೆ. ಸೂರ್ಯಾಸ್ತಕ್ಕೆ ಓಯಾದ ನೂಕುನುಗ್ಗಲಿಗಿಂತ ಪೀರ್ಗೋಸ್‌ನ ಗುಡ್ಡದ ತುದಿ ಸಾಕು. ಫೀರಾದ ಹಳೆಯ ಬಂದರಿನ 588 ಮೆಟ್ಟಿಲುಗಳ ಮೇಲೆ ಕತ್ತೆ, ಹೇಸರಗತ್ತೆಗಳ ಸವಾರಿ ಮಾಡಬೇಡಿ. ಬಿಸಿಲಿನಲ್ಲಿ ಆ ಪ್ರಾಣಿಗಳು ಪಡುವ ಪಾಡು ನೋಡಲಾಗದು. ಪಕ್ಕದಲ್ಲೇ ಕೇಬಲ್ ಕಾರ್ ಇದೆ.

9. ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಅವಲಕ್ಕಿ, ಚಟ್ನಿಪುಡಿಗಳ ಮೂಟೆ ಹೊತ್ತು ಹೋಗುವ ಅಗತ್ಯವೇ ಇಲ್ಲ. ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಎಷ್ಟೋ ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ವ್ರತ ಮಾಡುತ್ತಾರೆ. ಆ ವ್ರತದ ಅಡುಗೆಗೆ ನಿಸ್ತಿಸಿಮಾ ಎಂದು ಹೆಸರು. ಈ ಒಂದು ಪದ ಗೊತ್ತಿದ್ದರೆ ಅರ್ಧ ಕಷ್ಟ ಕಳೆದಂತೆ. ಆದರೆ ಆಕ್ಟೋಪಸ್, ಸಿಗಡಿ ಅವರ ವ್ರತಕ್ಕೆ ಸಲ್ಲುತ್ತವೆ, ಆದ್ದರಿಂದ ಅವು ಬೇಡವೆಂದು ಬಿಡಿಸಿ ಹೇಳಿ. ಲಾದೆರಾ ಎಂದರೆ ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೆಂದ ತರಕಾರಿಗಳು. ಬ್ರಿಯಾಮ್‌ನಲ್ಲಿ ಬದನೆ, ಆಲೂಗೆಡ್ಡೆ, ಟೊಮೆಟೊ ಇರುತ್ತವೆ. ಖೋರ್ತಾ ಎಂದರೆ ಬೇಯಿಸಿ ನಿಂಬೆ ಹಿಂಡಿದ ಸೊಪ್ಪು. ಗಿಗಾಂದೆಸ್ ಎಂದರೆ ದಪ್ಪ ಅವರೆಯಂಥ ಬಿಳಿ ಕಾಳು. ಯೆಮಿಸ್ತಾ, ಅಂದರೆ ಅನ್ನ ತುಂಬಿದ ಟೊಮೆಟೊ, ಕೆಲವೆಡೆ ಕೊಚ್ಚಿದ ಮಾಂಸ ಸೇರಿಸಿ ಮಾಡುತ್ತಾರೆ, ಕೇಳಿಯೇ ತರಿಸಿ.

ಸ್ಯಾಂಟೊರಿನಿಯ ಫಾವಾ ನಮ್ಮ ತೊವ್ವೆಯನ್ನು ಗಟ್ಟಿಯಾಗಿ ಕಡೆದಂತಿರುತ್ತದೆ. ಹಳದಿ ಬೇಳೆಯ ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ, ನಿಂಬೆ. ಜೊತೆಗೆ ಬಂದಿದ್ದ ನನ್ನ ಅಮ್ಮ ಮೊದಲ ತುತ್ತಿಗೇ ‘ಇದಕ್ಕೊಂದು ಒಗ್ಗರಣೆ ಬಿದ್ದಿದ್ದರೆ’ ಎಂದರು. ತಟ್ಟೆ ಮಾತ್ರ ಖಾಲಿಯಾಯಿತು. ಚೀಸ್ ತಿನ್ನುವ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ಸಂಗತಿ ತಿಳಿದಿರಬೇಕು: ಅಲ್ಲಿನ ಬಹಳಷ್ಟು ಚೀಸ್‌ಗಳಿಗೆ ಹಾಲು ಒಡೆಯಲು ಬಳಸುವುದು ಕರು, ಮರಿಗಳ ಜಠರದಿಂದ ತೆಗೆದ ಹೆಪ್ಪನ್ನು.

ಇನ್ನೊಂದು ಮಾತು. ಗ್ರೀಕಿನಲ್ಲಿ ‘ನೆ’ ಎಂದರೆ ಹೌದು, ‘ಓಖಿ’ ಎಂದರೆ ಇಲ್ಲ. ‘ಓಖಿ’ ನಮ್ಮ ಕಿವಿಗೆ ‘ಓಕೆ’ ಎಂದೇ ಕೇಳಿಸುತ್ತದೆ. ಮಾಂಸವಿದೆಯೇ ಎಂದು ಕೇಳಿದಾಗ ಈ ವ್ಯತ್ಯಾಸ ನೆನಪಿರಲಿ.

ಕುಡಿಯಲು ಬಾಟಲಿ ನೀರೇ ಕ್ಷೇಮ, ಹಲವು ದ್ವೀಪಗಳಲ್ಲಿ ನಲ್ಲಿ ನೀರು ಉಪ್ಪು. ಕೋಣೆಯ ಬಾಡಿಗೆಯ ಜೊತೆ ಪ್ರತಿ ರಾತ್ರಿಗೆ ಸರ್ಕಾರದ ಶುಲ್ಕವೊಂದನ್ನು ಅಲ್ಲಿಯೇ ಕೊಡಬೇಕಾಗುತ್ತದೆ. ಹೋಟೆಲಿನ ದರ್ಜೆಯನ್ನು ನೋಡಿ ಅದು ಏರುತ್ತದೆ. ಏನೇ ಆಪತ್ತು ಬಂದರೂ ಕರೆ ಮಾಡಬೇಕಾದ ಸಂಖ್ಯೆ 112.

10. ಗಾಳಿಗೊಂದು ದಿನ ಬಿಟ್ಟುಕೊಡಿ

ಗಾಳಿ ಒಂದು ಮಟ್ಟ ಮೀರಿದರೆ ಬಂದರು ಅಧಿಕಾರಿಗಳು ಹಡಗು ಹೊರಡದಂತೆ ತಡೆಯುತ್ತಾರೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲಿಸಿದ ಹಾಗೆ, ಅಲ್ಲಿ ವಾದಕ್ಕೆ ಎಡೆಯಿಲ್ಲ. ಎರಡನೆಯ ಸಲ ಹೋಗಿದ್ದಾಗ ನಾಕ್ಸೋಸ್‌ನಲ್ಲಿ ನಾವು ಎರಡು ದಿನ ಹೀಗೆ ಸಿಕ್ಕಿಕೊಂಡೆವು. ಟಿಕೆಟ್ಟಿನ ಹಣ ಮರಳಿ ಬಂತು, ಕೋಣೆಯ ಒಡತಿ ಅದೇ ಬಾಡಿಗೆಗೆ ಇನ್ನೆರಡು ರಾತ್ರಿ ಇರಿಸಿಕೊಂಡರು. ಆದರೆ ಮರಳುವ ವಿಮಾನಕ್ಕೂ ಹಡಗಿಗೂ ನಡುವೆ ನಾವು ಬಿಟ್ಟಿದ್ದುದು ಐದೇ ಗಂಟೆ. ವಿಮಾನ ತಪ್ಪಿತು, ಹೊಸ ಟಿಕೆಟ್ಟಿಗೆ ಕೊಟ್ಟ ಹಣದಲ್ಲಿ ಇನ್ನೊಂದು ವಾರ ಅಲ್ಲೇ ಇರಬಹುದಿತ್ತು.

ಆದ್ದರಿಂದ ಅಥೆನ್ಸ್‌ನ ಆ ಕೊನೆಯ ರಾತ್ರಿಯನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಸ್ಯಾಂಟೊರಿನಿಯಿಂದ ಹಿಂದಿನ ದಿನವೇ ಹೊರಡಿ. ಹಡಗು ಪಿರೇಯಸ್ ಮುಟ್ಟುವಾಗ ರಾತ್ರಿಯಾಗಿರುತ್ತದೆ. ಬಂದರಿನ ಹತ್ತಿರವೇ ಕೋಣೆ ಹಿಡಿದರೆ ಬೆಳಗ್ಗೆ ಅದೇ ನೀಲಿ ಮಾರ್ಗದ ಮೆಟ್ರೊ ಹತ್ತಿ ವಿಮಾನ ನಿಲ್ದಾಣ ಸೇರಬಹುದು.